ಗಾಲಿಗೆ ಪೌಡರೋ, ಪೇಂಟೋ?

ಸ್ಕೂಟರಿನ ಗಾಲಿ ಅದರ ಮಾಲೀಕನಿಗೆ ಪೂರ್ತಿ ಕಾಣುವುದು ಟೈರ್ ಬದಲಿಸುವ ದಿನ ಮಾತ್ರ. ಹಳೆಯ ಟೈರು ಬಿಚ್ಚಿ ಪಕ್ಕಕ್ಕೆ ಒಗೆದಾಗ ರಿಮ್ಮಿನ ಒಳಗಿನ ಸಂಗತಿಯೆಲ್ಲ ಹೊರಬೀಳುತ್ತದೆ. ಟೈರಿನ ಅಂಚು ಕೂರುವ ಸಾಲಿನುದ್ದಕ್ಕೂ ತುಕ್ಕು, ಹಕ್ಕಳೆ ಎದ್ದ ಬೆಳ್ಳಿ ಬಣ್ಣ, ವಾಲ್ವಿನ ತೂತಿನ ಸುತ್ತ ಗಟ್ಟಿಯಾಗಿ ಕೂತ ಎರಿಮಣ್ಣು. ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂಥ ಊರಿನಲ್ಲಿ ಪಂಕ್ಚರ್ ತಿದ್ದುವ ಹುಡುಗ ಆಗ ಹೇಳುವ ಮಾತು ಬಹುತೇಕ ಒಂದೇ ಇರುತ್ತದೆ: “ಕಾಕಾ, ಟೈರ್ ಹೊಸಾದು ಹಾಕಿದ್ರ ಏನಾತು, ರಿಮ್ ಹಿಂಗಿದ್ರ ಗಾಳಿ ನಿಲ್ಲಂಗಿಲ್ಲ.” ಸುತ್ತ ನಿಂತವರಲ್ಲಿ ಒಬ್ಬ ಪೌಡರ್ ಕೋಟಿಂಗ್ ಮಾಡಿಸ್ರಿ ಅನ್ನುತ್ತಾನೆ. ಇನ್ನೊಬ್ಬ, ಅದೆಲ್ಲ ಯಾಕ, ಒಂದು ಸ್ಪ್ರೇ ಡಬ್ಬಿ ತಂದು ಹೊಡದ್ರ ಮುಗೀತು ಅನ್ನುತ್ತಾನೆ.

ಇಬ್ಬರೂ ಒಂದು ಪ್ರಶ್ನೆಯನ್ನು ಹಾರಿಸಿಬಿಟ್ಟಿರುತ್ತಾರೆ: ಬಣ್ಣದ ಕೆಳಗೆ ಈಗ ಏನಿದೆ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಿಂದ ಬಂದ ಕರಿ ಪದರ ಇನ್ನೂ ಲೋಹವನ್ನು ಹಿಡಿದುಕೊಂಡಿದ್ದರೆ ಪೇಂಟೇ ಸಾಕು, ಅಷ್ಟೇ ಅಲ್ಲ, ಅದೇ ಮೇಲು. ತುಕ್ಕು ರಿಮ್ಮಿನ ಅರ್ಧಕ್ಕಿಂತ ಹೆಚ್ಚು ಆವರಿಸಿದ್ದರೆ ಎಲ್ಲವನ್ನೂ ಕಿತ್ತು ಪೌಡರ್ ಮಾಡಿಸುವುದರಲ್ಲಿ ಅರ್ಥವಿದೆ. ಅಲಾಯ್ ಗಾಲಿಯಾದರೆ ಪೌಡರ್ ಬೇಯಿಸುವ ಒಲೆಯಿಂದ ದೂರ ಇಡಿ. ಇದಿಷ್ಟನ್ನು ಹೇಳಲು ಒಂದು ಪುಟ ಯಾಕೆ ಬೇಕು ಅಂದರೆ, ಹಣ ಹಾಳಾಗುವುದು ಈ ಮೂರು ಮಾತುಗಳ ನಡುವಿನ ಸಂದಿಗಳಲ್ಲಿ.

ಮೊದಲು ಗಾಳಿಯ ವಿಚಾರ. ಈಗಿನ ಬಹುತೇಕ ಸ್ಕೂಟರುಗಳಿಗೆ ಟ್ಯೂಬ್ ಇಲ್ಲ. ಟೈರಿನ ಅಂಚು, ಅಂಗಡಿಯವರು ಬೀಡ್ ಅನ್ನುವ ಭಾಗ, ರಿಮ್ಮಿನ ಇಳಿಜಾರು ಸಾಲಿಗೆ ಒತ್ತಿ ಕೂತು ಗಾಳಿಯನ್ನು ಹಿಡಿದಿಡುತ್ತದೆ. ಲೋಹಕ್ಕೂ ರಬ್ಬರಿಗೂ ನಡುವೆ ಇರುವುದು ಬಣ್ಣದ ಪದರ ಒಂದೇ. ಅದರಡಿ ತುಕ್ಕು ಎದ್ದರೆ ಬಣ್ಣ ಉಬ್ಬುತ್ತದೆ, ಉಬ್ಬಿದ ಕಡೆ ಕೂದಲೆಳೆಯಷ್ಟು ದಾರಿ ತೆರೆಯುತ್ತದೆ, ಎರಡು ಮೂರು ದಿನಕ್ಕೊಮ್ಮೆ ಗಾಳಿ ತುಂಬಿಸುವ ಕಾಟ ಶುರುವಾಗುತ್ತದೆ. ಮೊಳೆ ಹುಡುಕಿ ಹುಡುಕಿ ಸುಸ್ತಾದವರಿಗೆ ಕೊನೆಗೆ ಟ್ಯೂಬ್ ಹಾಕಿಸುವ ಸಲಹೆ ಸಿಗುತ್ತದೆ. ಅದರಿಂದ ಗಾಳಿ ನಿಲ್ಲುತ್ತದೆ, ತುಕ್ಕು ನಿಲ್ಲುವುದಿಲ್ಲ. ಆದ್ದರಿಂದ ಗಾಲಿಯ ಬಣ್ಣವನ್ನು ಬರೀ ಸಿಂಗಾರ ಅಂದುಕೊಳ್ಳುವಂತಿಲ್ಲ. ಸಿಂಗಾರ ಕಾಣುವುದು ಹೊರಮೈಯಲ್ಲಿ, ಕೆಲಸ ನಡೆಯುವುದು ಕಣ್ಣಿಗೆ ಬೀಳದ ಆ ಸಾಲಿನಲ್ಲಿ.

ಈ ಸೀಮೆಯಲ್ಲಿ ಮಳೆ ಕಡಿಮೆ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಉಡುಪಿ, ಮಂಗಳೂರಿನವರು ಕಾಣುವ ಉಪ್ಪುಗಾಳಿಯ ತುಕ್ಕು ಇಲ್ಲಿಲ್ಲ. ಹಾಗಂತ ಗಾಲಿ ಸುಖವಾಗಿದೆ ಅನ್ನಲಾಗದು. ಹೆಸರು ಬಿತ್ತುವ ಹೊತ್ತಿಗೆ ಎರಿ ಹೊಲದ ದಾರಿ ಹಿಡಿದ ಸ್ಕೂಟರನ್ನು ನೋಡಿ: ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ತುಂಬಿ ಗಾಲಿ ತಿರುಗದಂತಾಗಿರುತ್ತದೆ. ಮಸಾರಿ ಮಣ್ಣು ಒಣಗಿ ಉದುರುತ್ತದೆ, ಎರಿ ಹಾಗಲ್ಲ. ಮೇಲೆ ಒಣಗಿದರೂ ಒಳಗೆ ತೇವ ಹಿಡಿದು ದಿನಗಟ್ಟಲೆ ರಿಮ್ಮಿಗೆ ಅಂಟಿಕೊಂಡೇ ಇರುತ್ತದೆ. ಅದರ ಮೇಲೆ ಗೊಬ್ಬರದ ಲೆಕ್ಕ ಬೇರೆ. ಕಾಲಿಡುವ ಜಾಗದಲ್ಲಿ ಯೂರಿಯಾ ಚೀಲ, ಪೊಟ್ಯಾಷ್ ಚೀಲ ಇಟ್ಟುಕೊಂಡು ಬರುವುದು ಇಲ್ಲಿ ದಿನದ ಮಾತು. ನಾವು ಪೊಟ್ಯಾಷ್ ಅನ್ನುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೀಲದ ಹೊಲಿಗೆಯಿಂದ ಉದುರಿದ ಹಿಡಿಯಷ್ಟು ಗೊಬ್ಬರ ಹಸಿ ಮಣ್ಣಿನಲ್ಲಿ ಬೆರೆತರೆ ಕರಾವಳಿಯೇ ಗಾಲಿಯ ಬುಡಕ್ಕೆ ಬಂದಂತೆ. ಆಮೇಲೆ ತೊಳೆಯುವುದು ಯಾವ ನೀರಿನಿಂದ? ಎಷ್ಟೋ ಕೊಳವೆಬಾವಿಗಳ ನೀರು ಸವಳು. ತೊಳೆದು ಬಿಸಿಲಿಗೆ ನಿಲ್ಲಿಸಿದರೆ ನೀರು ಆರುತ್ತದೆ, ಲವಣ ಉಳಿಯುತ್ತದೆ. ಇನ್ನು ಹೊಲದ ದಾರಿಯ ಖಡಿ ಕಲ್ಲು ಗಾಲಿಗೆ ಹೊಡೆಯುವ ಪೆಟ್ಟನ್ನು ಹೇಳುವುದೇ ಬೇಡ.

ಇಂಥ ಗಾಲಿಗೆ ಪೌಡರ್ ಕೋಟಿಂಗ್ ಒಳ್ಳೆಯದು ಅನ್ನುವವರ ಮಾತಿಗೆ ಆಧಾರವಿದೆ. ಪೌಡರ್ ಅಂದರೆ ಅಂಟು, ಬಣ್ಣ, ಗಟ್ಟಿಯಾಗಿಸುವ ರಾಸಾಯನಿಕ ಎಲ್ಲವನ್ನೂ ಬೆರೆಸಿ ಹಿಟ್ಟು ಮಾಡಿದ್ದು. ಅದರಲ್ಲಿ ಥಿನ್ನರ್ ಇಲ್ಲ. ಗನ್ನಿನ ತುದಿಯಲ್ಲಿ 60ರಿಂದ 100 ಕಿಲೋವೋಲ್ಟಿನ ವಿದ್ಯುತ್ ಹಿಟ್ಟಿನ ಕಣಗಳಿಗೆ ಚಾರ್ಜ್ ಕೊಡುತ್ತದೆ. ಭೂಮಿಗೆ ಅರ್ಥಿಂಗ್ ಮಾಡಿ ತೂಗುಹಾಕಿದ ಲೋಹ ಆ ಕಣಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ನಂತರ ಒಲೆ. ಲೋಹವೇ 180ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಿ 10ರಿಂದ 20 ನಿಮಿಷ ಆ ಬಿಸಿಯಲ್ಲಿ ನಿಂತರೆ ಹಿಟ್ಟು ಕರಗಿ, ಹರಡಿ, ಒಳಗೊಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಒಂದೇ ಸಲಕ್ಕೆ 60ರಿಂದ 80 ಮೈಕ್ರಾನ್ ದಪ್ಪ ಸಿಗುತ್ತದೆ. ಗನ್ನಿನಲ್ಲಿ ಹೊಡೆದ ದ್ರವ ಬಣ್ಣದ ಒಂದು ಕೋಟಿನಲ್ಲಿ ಸಾಮಾನ್ಯವಾಗಿ 20ರಿಂದ 30 ಮೈಕ್ರಾನ್ ಬಂದರೆ ಹೆಚ್ಚು. ಕಲ್ಲಿನ ಪೆಟ್ಟು, ಟೈರ್ ಹಾಕುವಾಗಿನ ಲಿವರಿನ ಗೀರು, ಪೆಟ್ರೋಲಿನ ಹನಿ ಇವನ್ನೆಲ್ಲ ಸರಿಯಾಗಿ ಬೆಂದ ಪೌಡರ್ ಅಗ್ಗದ ಬಣ್ಣಕ್ಕಿಂತ ಚೆನ್ನಾಗಿ ತಡೆಯುತ್ತದೆ. ಇದರಲ್ಲಿ ಜಗಳವಿಲ್ಲ.

ಜಗಳ ಶುರುವಾಗುವುದು ‘ಸರಿಯಾಗಿ’ ಅನ್ನುವಲ್ಲಿ. ಜಿಲ್ಲಾ ಕೇಂದ್ರಗಳ ಪೌಡರ್ ಕೋಟಿಂಗ್ ಶೆಡ್ಡುಗಳು ಬದುಕುವುದು ಸ್ಕೂಟರ್ ಗಾಲಿಯಿಂದಲ್ಲ. ಅಲ್ಮೇರಾ, ಮಂಚ, ಕಿಟಕಿಯ ಗ್ರಿಲ್, ಗೇಟು, ಅಂಗಡಿಯ ರ‍್ಯಾಕುಗಳು ಅವರ ಅನ್ನ. ಗಾಲಿ ಎರಡು ಬಂದರೆ ಅವು ಮೂಲೆಯಲ್ಲಿ ಕಾಯುತ್ತವೆ, ಯಾರದೋ ಗೇಟಿಗೆ ಕರಿ ಬಣ್ಣ ಹೊಡೆಯುವ ದಿನ ಅದೇ ಹಿಟ್ಟು ಇವಕ್ಕೂ ಬೀಳುತ್ತದೆ. ಗೇಟಿನ ಹಿಟ್ಟಾದರೆ ಅದೃಷ್ಟ. ಅಲ್ಮೇರಾದ ಹಿಟ್ಟಾದರೆ ಕಷ್ಟ. ಮನೆಯೊಳಗಿನ ಸಾಮಾನಿಗೆ ಬಳಸುವುದು ಎಪಾಕ್ಸಿ, ಇಲ್ಲವೇ ಎಪಾಕ್ಸಿ ಪಾಲಿಯೆಸ್ಟರ್ ಎರಡೂ ಬೆರೆತ ಹಿಟ್ಟು. ಎಪಾಕ್ಸಿ ಲೋಹವನ್ನು ಗಟ್ಟಿ ಹಿಡಿಯುತ್ತದೆ, ಬಿಸಿಲನ್ನು ಮಾತ್ರ ತಾಳುವುದಿಲ್ಲ. ಬಯಲುಸೀಮೆಯ ಬಿಸಿಲಿಗೆ ನಿಂತ ಗಾಲಿಯಲ್ಲಿ ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಸುಣ್ಣದಂಥ ಪುಡಿ ಹತ್ತುತ್ತದೆ. ಹೊರಾಂಗಣಕ್ಕೆ ಬೇಕಾದದ್ದು ಶುದ್ಧ ಪಾಲಿಯೆಸ್ಟರ್ ಹಿಟ್ಟು. ಶೆಡ್ಡಿನಲ್ಲಿ ದರ ಕೇಳುವ ಮೊದಲು, “ಅಣ್ಣಾರ, ಇದು ಒಳಗಿಂದೋ ಹೊರಗಿಂದೋ?” ಅಂತ ಕೇಳಿದರೆ ಉತ್ತರ ಕೊಡುವ ಧಾಟಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಎರಡನೆಯ ಪ್ರಶ್ನೆ ತೊಟ್ಟಿಗಳದ್ದು. ಒಳ್ಳೆಯ ಶೆಡ್ಡಿನವರು ‘ಸೆವೆನ್ ಟ್ಯಾಂಕ್’ ಇದೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಎಣ್ಣೆ ತೆಗೆಯುವುದು, ತೊಳೆಯುವುದು, ಆಸಿಡ್ಡಿನಲ್ಲಿ ತುಕ್ಕು ಬಿಡಿಸುವುದು, ತೊಳೆಯುವುದು, ಫಾಸ್ಫೇಟ್ ಪದರ ಕೂರಿಸುವುದು, ತೊಳೆಯುವುದು, ಕೊನೆಗೆ ಆ ಪದರವನ್ನು ಭದ್ರಪಡಿಸುವ ಪ್ಯಾಸಿವೇಷನ್. ಏಳರಲ್ಲಿ ಮೂರು ಬರೀ ನೀರು ಎಂಬುದನ್ನು ಗಮನಿಸಿ. ಆ ನೀರು ಸವಳಾಗಿದ್ದರೆ, ಇಲ್ಲವೇ ವಾರಗಟ್ಟಲೆ ಬದಲಿಸದ್ದಾಗಿದ್ದರೆ, ಲವಣವನ್ನು ನಾವೇ ದುಡ್ಡು ಕೊಟ್ಟು ಪೌಡರಿನ ಅಡಿಗೆ ಹಾಕಿಸಿಕೊಂಡ ಹಾಗೆ. ತಿಂಗಳುಗಳ ನಂತರ ಸಣ್ಣ ಸಣ್ಣ ಗುಳ್ಳೆಯಾಗಿ ಅದು ಮೇಲೆ ಬರುತ್ತದೆ. ಆಸಿಡ್ಡಿಗೆ ಇನ್ನೊಂದು ದುರ್ಬುದ್ಧಿ ಇದೆ. ಉಕ್ಕಿನ ಗಾಲಿ ಒಂದೇ ತುಂಡಲ್ಲ, ಒತ್ತಿದ ತಗಡುಗಳನ್ನು ಸೇರಿಸಿ ಬೆಸೆದದ್ದು. ಬೆಸುಗೆಯ ಸಂದಿಗೆ ನುಸುಳಿದ ಆಸಿಡ್ ಎಷ್ಟು ತೊಳೆದರೂ ಪೂರ್ತಿ ಹೊರಬರುವುದಿಲ್ಲ. ಅದಕ್ಕೇ ಗಾಲಿಯ ವಿಷಯದಲ್ಲಿ ಆಸಿಡ್ ತೊಟ್ಟಿಗಿಂತ ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಮರಳು ಸಿಡಿಸಿ ತುಕ್ಕು ಕೀಳುವ ಕೆಲಸ, ಮಾಡುವವರ ಮೇಲೆ ನನಗೆ ಹೆಚ್ಚು ನಂಬಿಕೆ.

ಇನ್ನೊಂದು ತೊಡಕು ವಿದ್ಯುತ್ತಿನದ್ದೇ. ಚಾರ್ಜ್ ಆದ ಹಿಟ್ಟು ಚಪ್ಪಟೆ ಮೈಗೂ ಹೊರ ಅಂಚಿಗೂ ಓಡಿ ಹೋಗಿ ಕೂರುತ್ತದೆ, ಆಳವಾದ ಮೂಲೆಗೆ ಇಳಿಯಲು ಹಟ ಮಾಡುತ್ತದೆ. ಇದಕ್ಕೆ ಫ್ಯಾರಡೆ ಕೇಜ್ ಪರಿಣಾಮ ಅನ್ನುತ್ತಾರೆ. ಎರಿಮಣ್ಣು ಹೋಗಿ ಕೂರುವುದೂ ಅದೇ ಮೂಲೆಗಳಲ್ಲಿ! ಕೈ ಪಳಗಿದವನು ವೋಲ್ಟೇಜ್ ಇಳಿಸಿ, ಮೊದಲು ಮೂಲೆ ತುಂಬಿಸಿ, ಆಮೇಲೆ ಮೈಗೆ ಬರುತ್ತಾನೆ. ಅವಸರದವನ ಗಾಲಿ ಹೊರಗಿನಿಂದ ಮದುಮಗನಂತೆ ಕಾಣುತ್ತದೆ, ಮೂಲೆಯಲ್ಲಿ ಬಟ್ಟೆಯಿಲ್ಲ.

ಬೇಯುವುದೂ ಹಾಗೇ. ಒಲೆಯ ಮೀಟರ್ ತೋರಿಸುವುದು ಗಾಳಿಯ ಬಿಸಿಯನ್ನು. ತೆಳು ತಗಡಿನ ಅಲ್ಮೇರಾ ಬಾಗಿಲು ಬೇಗ ಕಾಯುತ್ತದೆ, ದಪ್ಪ ಗಾಲಿ ನಿಧಾನಕ್ಕೆ ಕಾಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ ಒಟ್ಟಿಗೆ ತೆಗೆದರೆ ಗಾಲಿ ಅರೆಬೆಂದಿರುತ್ತದೆ, ಕಣ್ಣಿಗೆ ಮಾತ್ರ ಎರಡೂ ಒಂದೇ ಹೊಳಪು. ಪತ್ತೆ ಹಚ್ಚುವ ಉಪಾಯ ಸುಲಭ. ಬಿಳಿ ಬಟ್ಟೆಗೆ ಒಂದಿಷ್ಟು ಥಿನ್ನರ್ ಹಾಕಿ, ಕಾಣದ ಕಡೆ ಮೂವತ್ತು ನಲವತ್ತು ಸಲ ಒತ್ತಿ ಉಜ್ಜಿ. ಬಣ್ಣ ಬಟ್ಟೆಗೆ ಧಾರಾಳವಾಗಿ ಹತ್ತಿದರೆ, ಮೈ ಮೆತ್ತಗಾದರೆ ಬೆಂದಿಲ್ಲ ಅಂತ ಅರ್ಥ. ಇದನ್ನು ಶೆಡ್ಡಿನಲ್ಲೇ, ದುಡ್ಡು ಕೊಡುವ ಮೊದಲು ಮಾಡಬೇಕು. ಮುಖ ಕೆಡಿಸಿಕೊಂಡರೆ ಕೆಡಿಸಿಕೊಳ್ಳಲಿ.

ಈಗ ಆ ಕರಿ ಪದರದ ಮಾತು. ಈಗಿನ ಉಕ್ಕಿನ ಗಾಲಿಗಳಿಗೆ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಮೊದಲು ಹಾಕುವುದು ಇಡಿ ಕೋಟ್. ಗಾಲಿಯನ್ನು ಬಣ್ಣದ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಬಣ್ಣ ತಾನೇ ಹೋಗಿ ಲೋಹದ ಮೇಲೆ, ಸಂದಿಗಳ ಒಳಗೂ ಬಿಡದೆ ಕೂರುತ್ತದೆ. ಫೋರ್ಡ್ ಕಂಪನಿ 1960ರ ದಶಕದಲ್ಲಿ ಮೋಟಾರು ಉದ್ಯಮಕ್ಕೆ ತಂದ ಈ ವಿಧಾನ ಆಮೇಲೆ ಜಗತ್ತಿನ ಬಹುತೇಕ ವಾಹನ ಕಾರ್ಖಾನೆಗಳಿಗೆ ಹಬ್ಬಿತು. ಪದರ ತೆಳು, 20 ಮೈಕ್ರಾನ್ ಆಸುಪಾಸು. ಆದರೆ ಬೆಸುಗೆಯ ಸಂದಿಗೆ ಅದು ಹೋದಷ್ಟು ಚೆನ್ನಾಗಿ ಯಾವ ಗನ್ನೂ ಹೋಗಲಾರದು. ಮೇಲಿನ ಬೆಳ್ಳಿ ಬಣ್ಣ ಹಕ್ಕಳೆ ಎದ್ದರೂ ಕೆಳಗಿನ ಕರಿ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಪೌಡರಿಗೆ ಕೊಟ್ಟರೆ ಬ್ಲಾಸ್ಟಿಂಗಿನಲ್ಲಿ ಅದೂ ಹೋಗುತ್ತದೆ. ಒಳ್ಳೆಯ ಪದರ ಕಿತ್ತು ಅದಕ್ಕಿಂತ ದಪ್ಪನೆಯದನ್ನು ಹಾಕಿಸಿಕೊಂಡೆವು ಅಂತ ಖುಷಿಪಡುವ ನಾವು, ಕಳೆದುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರ್ಖಾನೆಯ ತೊಟ್ಟಿ ಗದಗದ ಶೆಡ್ಡಿನಲ್ಲಿ ಸಿಗುವಂಥದ್ದಲ್ಲ.

ಹಾಗಾಗಿ ಟೈರು ಬಿಚ್ಚಿದ ಕೂಡಲೇ ಮಾಡಬೇಕಾದ ಕೆಲಸ ಕೆರೆಯುವುದು. ಚಾಕುವಿನ ತುದಿಯಿಂದ ಕೆರೆದಾಗ ಕರಿ ಪದರ ಹಿಡಿದು ನಿಂತರೆ ಅದನ್ನು ಉಳಿಸಿಕೊಳ್ಳಿ. ತುಕ್ಕು ಅಲ್ಲಲ್ಲಿ ಇದ್ದರೆ ತಂತಿ ಬ್ರಷ್ಷಿನಿಂದ, ಪಾಲಿಷ್ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ತೆಗೆಯಿರಿ. ಬೀಡ್ ಕೂರುವ ಸಾಲಿನಲ್ಲೇ ಆಳವಾದ ಕುಳಿ ಬಿದ್ದಿದ್ದರೆ, ತಗಡು ತೆಳುವಾಗಿದ್ದರೆ, ಪೌಡರ್ ಪೇಂಟ್ ಎರಡನ್ನೂ ಬಿಟ್ಟು ಬಿಡಿಭಾಗದ ಅಂಗಡಿಯಲ್ಲಿ ಹೊಸ ಉಕ್ಕಿನ ರಿಮ್ಮಿನ ಬೆಲೆ ಕೇಳಿ. ಪೌಡರಿನ ಕೂಲಿ, ಬಸ್ ಚಾರ್ಜು, ಒಂದು ದಿನದ ಕೆಲಸ ಹೋದದ್ದು ಎಲ್ಲ ಕೂಡಿಸಿ ನೋಡಿದರೆ ಹೊಸದೇ ಅಗ್ಗ ಬೀಳಬಹುದು. ಈ ಮೂರನೆಯ ದಾರಿ ಅಂಗಡಿ ಮುಂದಿನ ಚರ್ಚೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಪೇಂಟ್ ಅಂದರೂ ಒಂದೇ ಅಲ್ಲ. ಸ್ಪ್ರೇ ಡಬ್ಬಿಯ ಬಣ್ಣ ಹೆಚ್ಚಾಗಿ ಬರೀ ಥಿನ್ನರ್ ಆರಿ ಒಣಗುವಂಥದ್ದು. ಪೆಟ್ರೋಲ್ ಬಿದ್ದರೆ ಮತ್ತೆ ಮೆತ್ತಗಾಗುತ್ತದೆ, ಲಿವರ್ ತಾಗಿದರೆ ಸುಲಿಯುತ್ತದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ಕಥೆಯೂ ಅದೇ. ಗೇಟಿಗೆ ಹೊಡೆಯುವ ಎನಾಮೆಲ್ ಸ್ವಲ್ಪ ವಾಸಿ, ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು. ಗಾಲಿಗೆ ತಕ್ಕದ್ದು ಹಾರ್ಡನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರಿಥೇನ್) ಬಣ್ಣ, ಅದರ ಕೆಳಗೆ ಎಪಾಕ್ಸಿ ಪ್ರೈಮರ್. ಅಪಘಾತವಾದ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಈ ಎರಡೂ ಇರುತ್ತವೆ. ಯಾರದೋ ಕಾರಿಗೆ ಕಲಸಿ ಉಳಿದ ಬಣ್ಣದಲ್ಲಿ ಎರಡು ಗಾಲಿ ಮುಗಿಯುತ್ತವೆ. ಎಪಾಕ್ಸಿ ಇಲ್ಲಿ ಸೋಲುವುದಿಲ್ಲ, ಅದರ ಮೇಲೆ ಬಿಸಿಲು ಬೀಳದಂತೆ ಪಿಯು ಹೊದಿಕೆ ಇರುತ್ತದಲ್ಲ. ಆದರೆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿನೊಳಗೆ ಹೋದರೆ ಆಸ್ತಮಾ ಹಿಡಿಯಬಹುದು, ಒಮ್ಮೆ ಹಿಡಿದರೆ ಆಮೇಲೆ ಚೂರು ವಾಸನೆಗೂ ಎದೆ ಕಟ್ಟುತ್ತದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಹುಡುಗರನ್ನು ನೋಡಿದಾಗಲೆಲ್ಲ, ಪೌಡರಿನ ಪರವಾಗಿ ಇರುವ ಅತಿ ಗಟ್ಟಿ ವಾದ ಇದೇ ಅನ್ನಿಸುತ್ತದೆ. ಮನೆಯಂಗಳದಲ್ಲಿ ನೀವೇ ಹೊಡೆಯುವುದಾದರೆ ಹಾರ್ಡನರ್ ಬೇಡದ ಬಣ್ಣಕ್ಕೆ ತೃಪ್ತಿಪಡುವುದು ಜಾಣತನ.

ಕಾಲವನ್ನೂ ನೋಡಬೇಕು. ಆಷಾಢದಲ್ಲಿ ಇಲ್ಲಿ ಬೀಸುವ ಗಾಳಿಗೆ ಹಸಿ ಬಣ್ಣದ ಮೇಲೆ ಹೊಲದ ಧೂಳು ಬಂದು ಕೂತು ಗಾಲಿ ಉಪ್ಪುಕಾಗದದಂತಾಗುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದೂ ಇದೇ ಗಾಳಿಯನ್ನು ನಂಬಿ. ಪೇಂಟ್ ಅಂದರೆ ಕೀಳು, ಪೌಡರ್ ಅಂದರೆ ಮೇಲು ಅನ್ನುವವರು ಆ ಕಡೆ ಒಮ್ಮೆ ನೋಡಬೇಕು. ಇಂಥ ಯಂತ್ರಗಳ ಉಕ್ಕಿನ ಕಂಬಗಳಿಗೆ ಹೊಡೆಯುವುದು ಎಪಾಕ್ಸಿ ಮತ್ತು ಪಿಯು ದ್ರವ ಬಣ್ಣವನ್ನೇ. ಅಷ್ಟು ದೊಡ್ಡ ಕಂಬ ಹಿಡಿಸುವ ಒಲೆ ಯಾರ ಬಳಿ ಇದೆ? ಇಪ್ಪತ್ತು ವರ್ಷ ಬಯಲಲ್ಲಿ ನಿಲ್ಲಬೇಕಾದ ಕಂಬವನ್ನು ಆ ದ್ರವ ಬಣ್ಣವೇ ಕಾಪಾಡುತ್ತದೆ. ಅಲ್ಲಿ ಬಣ್ಣ ನಿಲ್ಲುವುದಕ್ಕೆ ಕಾರಣ, ಹೊಡೆಯುವ ಮೊದಲು ಉಕ್ಕನ್ನು ಬ್ಲಾಸ್ಟ್ ಮಾಡಿ ಬಿಳಿಚಿಸಿರುತ್ತಾರೆ ಅನ್ನುವುದು.

ಪೆಟ್ಟು ಬಿದ್ದ ಮೇಲಿನ ಕಥೆಯಲ್ಲಿ ಪೇಂಟಿಗೆ ಹೆಚ್ಚು ಅಂಕ. ಖಡಿ ಸಿಡಿದು ಪೌಡರ್ ಒಡೆದರೆ, ಒಡೆದ ಬಾಯಿಂದ ನೀರು ಇಳಿದು ಗಟ್ಟಿ ಪದರದ ಅಡಿಯಲ್ಲಿ ತುಕ್ಕು ಸದ್ದಿಲ್ಲದೆ ಹಬ್ಬುತ್ತದೆ. ಹೊರಗೆ ಕಾಣುವ ಹೊತ್ತಿಗೆ ಅಂಗೈಯಗಲ ಹಕ್ಕಳೆ ಕೈಗೆ ಬರುತ್ತದೆ. ಅದನ್ನು ಪೌಡರಿನಲ್ಲೇ ತಿದ್ದಬೇಕೆಂದರೆ ಮತ್ತೆ ಟೈರು ಬಿಚ್ಚು, ಮತ್ತೆ ಗದಗ, ಮತ್ತೆ ಒಲೆ. ಕಡೆಗೆ ಎಲ್ಲರೂ ಮಾಡುವುದು ಬ್ರಷ್ಷಿನಲ್ಲಿ ಪೇಂಟ್ ತಟ್ಟುವುದನ್ನೇ. ಪೇಂಟಿನ ಗಾಲಿಗಾದರೆ ಅದು ಮೊದಲಿಂದಲೂ ಇರುವ ಮದ್ದು: ಉಜ್ಜು, ಪ್ರೈಮರ್ ತಟ್ಟು, ಬಣ್ಣ ತಟ್ಟು. ಊರಿನಲ್ಲೇ ತಿದ್ದಲು ಬರುವ ವಸ್ತುವಿಗೆ ಊರಿನಲ್ಲಿ ಬೆಲೆ ಹೆಚ್ಚು.

ಅಲಾಯ್ ಗಾಲಿಯ ಮಾತು ಬೇರೆ. ಎರಕದ ಅಲ್ಯೂಮಿನಿಯಂ ಗಾಲಿಗೆ ಬಲ ತುಂಬುವುದು ಕಾರ್ಖಾನೆಯ ಕೊನೆಯ ಹದಗೊಳಿಸುವ ಬಿಸಿ, ಸುಮಾರು 150ರಿಂದ 180 ಡಿಗ್ರಿಯದ್ದು. ಅದನ್ನು ಮತ್ತೆ 200 ಡಿಗ್ರಿಯ ಒಲೆಯಲ್ಲಿ, ಗಡಿಯಾರ ನೋಡದವನ ಕೈಯಲ್ಲಿ ಇಟ್ಟರೆ ಹದ ಇಳಿದು ಲೋಹ ಮೆತ್ತಗಾಗುವ ಅಪಾಯವಿದೆ. ಒಂದು ಸಲಕ್ಕೆ ಗಾಲಿ ಮುರಿಯುತ್ತದೆ ಅಂತ ಹೆದರಿಸುವುದಿಲ್ಲ, ಆದರೆ ಬೇಯಿಸಿದ್ದು ಎಷ್ಟು ಹೊತ್ತು ಅನ್ನುವುದಕ್ಕೆ ದಾಖಲೆ ಇಡುವ ಶೆಡ್ ಹುಡುಕುವುದು ಸುಲಭವಲ್ಲ. ಜೊತೆಗೆ ಎರಕದ ಸಣ್ಣ ರಂಧ್ರಗಳಲ್ಲಿ ಅಡಗಿದ ಗಾಳಿ ಒಲೆಯಲ್ಲಿ ಹೊರನುಗ್ಗಿ ಪೌಡರಿನ ಮೇಲೆ ಸೂಜಿತೂತು ಮಾಡುತ್ತದೆ. ಉಕ್ಕಿಗೆ ಈ ಎರಡೂ ಭಯ ಇಲ್ಲ. ಇನ್ನು ರೈತರ ನಿಜವಾದ ಜೊತೆಗಾರ ಟಿವಿಎಸ್ ಎಕ್ಸ್‌ಎಲ್‌ನ ಕಡ್ಡಿ ಗಾಲಿಗೆ ಕ್ರೋಮ್ ರಿಮ್ ಇದ್ದರೆ ಈ ಚರ್ಚೆಯೇ ಬೇಡ. ನುಣುಪು ಕ್ರೋಮ್ ಮೇಲೆ ಪೇಂಟೂ ಹಿಡಿಯದು, ಪೌಡರೂ ಹಿಡಿಯದು.

1972ರಲ್ಲಿ ಬಂದ ಬಜಾಜ್ ಚೇತಕ್ ಇನ್ನೂ ಕೆಲವರ ಪಡಸಾಲೆಯಲ್ಲಿದೆ. ಅದರ ಗಾಲಿಗೆ ಪೌಡರ್ ಹೇಳಿ ಮಾಡಿಸಿದ್ದು ಅನ್ನಬಹುದು, ಒಂದು ಎಚ್ಚರದೊಂದಿಗೆ. ಆ ರಿಮ್ ಎರಡು ಹೋಳುಗಳನ್ನು ನಟ್ಟಿನಿಂದ ಬಿಗಿದದ್ದು. ಹೋಳುಗಳು ಕೂಡುವ ಮೈಗೆ, ಡ್ರಮ್ಮಿಗೆ ತಾಗುವ ಮೈಗೆ, ನಟ್ಟು ಕೂರುವ ಜಾಗಕ್ಕೆ ದಪ್ಪ ಪೌಡರ್ ಬಿದ್ದರೆ ಓಡಾಟದಲ್ಲಿ ಅದು ನಜ್ಜಿ ತೆಳುವಾಗುತ್ತದೆ, ಬಿಗಿದ ನಟ್ಟು ಸಡಿಲವಾಗುತ್ತದೆ. ಆ ಜಾಗಗಳಿಗೆ ಬಿಸಿ ತಾಳುವ ಟೇಪ್ ಹಚ್ಚಿಸಿ, ಗಾಲಿ ಕೂರಿಸಿ ಒಂದಿಷ್ಟು ಓಡಾಡಿದ ಬಳಿಕ ಮತ್ತೊಮ್ಮೆ ಬಿಗಿಯಿರಿ. ಬಿಚ್ಚುವಾಗಲಂತೂ ಮೊದಲು ಗಾಳಿ ಪೂರ್ತಿ ತೆಗೆಯದೆ ಹೋಳುಗಳ ನಟ್ಟಿಗೆ ಪಾನಾ ಹಾಕಬೇಡಿ, ಒಳಗಿನ ಒತ್ತಡ ಹೋಳನ್ನು ಮುಖಕ್ಕೆ ಎಸೆಯುತ್ತದೆ. ಯಾವ ಗಾಲಿಯೇ ಆಗಲಿ, ಬೇರಿಂಗ್ ಇದ್ದರೆ ಒಲೆಗೆ ಮುಂಚೆ ಹೊರಗೆ ಬರಬೇಕು, ಅದರ ಗ್ರೀಸೂ ರಬ್ಬರ್ ಸೀಲೂ ಆ ಬಿಸಿ ತಾಳವು. ಬ್ರೇಕ್ ಡ್ರಮ್ಮಿನ ಒಳಮೈಗೆ ಒಂದು ಚಿಟಿಕೆ ಹಿಟ್ಟೂ ಬೀಳಬಾರದು.

ಉಳಿದದ್ದು ಬಣ್ಣದ ಆಯ್ಕೆ. ಹುಡುಗರಿಗೆ ಕೆಂಪು ಗಾಲಿ, ಹಸಿರು ಗಾಲಿ ಬೇಕು. ಪೌಡರಿನಲ್ಲಿ ಒಂದು ಬಣ್ಣ ಬದಲಿಸಬೇಕೆಂದರೆ ಗನ್ನು, ಬೂತು ಎಲ್ಲ ಊದಿ ಒರೆಸಬೇಕು, ಹಿಟ್ಟು ಬರುವುದೇ ಇಪ್ಪತ್ತು ಇಪ್ಪತ್ತೈದು ಕೆ.ಜಿ. ಪೆಟ್ಟಿಗೆಯಲ್ಲಿ. ಎರಡು ಗಾಲಿಗಾಗಿ ಅದನ್ನು ಯಾರೂ ಒಡೆಯುವುದಿಲ್ಲ. ಬೆಳ್ಳಿ ಬಣ್ಣವೂ ಪೌಡರಿನಲ್ಲಿ ಹಟಮಾರಿ, ಒಂದು ದಿನ ಹೊಡೆದದ್ದು ಮತ್ತೊಂದು ದಿನದ್ದಕ್ಕೆ ಹೊಂದುವುದು ಕಷ್ಟ. ಆದ್ದರಿಂದ ಪೌಡರ್ ಅಂದರೆ ಕರಿ, ಅದೂ ಹಿಂದಿನ ಮುಂದಿನ ಎರಡೂ ಗಾಲಿ ಒಂದೇ ದಿನ, ಟೈರು ಹೇಗೂ ಬದಲಿಸುವ ಸಮಯಕ್ಕೆ. ಹಾಳಾದದ್ದು ಒಂದೇ ಗಾಲಿಯಾದರೆ ಪ್ರೈಮರ್ ಡಬ್ಬಿ ತನ್ನಿ. ಹೊಸ ವಾಲ್ವ್ ಹಾಕಿಸಿ, ಟೈರ್ ಕೂರಿಸಿದ ಮೇಲೆ ಸೋಪಿನ ನೀರನ್ನು ಅಂಚಿನುದ್ದಕ್ಕೂ ಸವರಿ. ಗುಳ್ಳೆ ಏಳದಿದ್ದರೆ ಕೆಲಸ ಮುಗಿಯಿತು, ಎದ್ದರೆ ಅಲ್ಲೇ ನಿಂತು ಇನ್ನೊಮ್ಮೆ ಬಿಚ್ಚಿಸಿ.